ಏಣಿ ಫಿಲ್ಟರ್ ಪ್ರಕರಣ: ಒಂದು ಸ್ಯಾಂಪಲ್ ತಡವಾದರೆ ಏನಾಗುತ್ತದೆ

ಹಳೆಯ ಅನಲಾಗ್ ಸಿಂಥಸೈಜರ್‌ಗಳನ್ನು ಸಾಫ್ಟ್‌ವೇರ್‌ನಲ್ಲಿ ಮತ್ತೆ ಕಟ್ಟುವ ಕೆಲಸ ಸುಮಾರು ಮೂವತ್ತು ವರ್ಷಗಳಿಂದ ನಡೆದಿದೆ. ಅದರ ಪೂರ್ತಿ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಒಂದೇ ಒಂದು ಭಾಗವನ್ನು ಎತ್ತಿಕೊಳ್ಳುತ್ತೇನೆ: ಮಿನಿಮೂಗ್ ಎಂಬ ಸಿಂಥಸೈಜರ್‌ನ ಫಿಲ್ಟರ್, ಅಂದರೆ ಧ್ವನಿಯ ಮೇಲಿನ ಆವರ್ತನಗಳನ್ನು ತಗ್ಗಿಸುವ ಭಾಗ. ಇದನ್ನೇ ಆರಿಸಿಕೊಳ್ಳಲು ಕಾರಣ ಇದೆ. ಸಾಫ್ಟ್‌ವೇರ್ ಎಲ್ಲಿ ಎಡವಿತು, ಯಾಕೆ ಎಡವಿತು, ಆಮೇಲೆ ಹೇಗೆ ಸುಧಾರಿಸಿಕೊಂಡಿತು ಎಂಬುದು ಈ ಒಂದು ಸರ್ಕ್ಯೂಟ್‌ನಲ್ಲಿ ಲೆಕ್ಕದ ಸಮೇತ ಕಾಣುತ್ತದೆ. 'ಅನಲಾಗ್ ಧ್ವನಿಯೇ ಬೇರೆ' ಎಂದು ಜನ ತೇಲಿಸಿ ಹೇಳುವ ಮಾತಿಗೆ ಇಲ್ಲಿ ಗಟ್ಟಿ ಅರ್ಥ ಸಿಗುತ್ತದೆ.

ಮಿನಿಮೂಗ್ ಮಾಡೆಲ್ ಡಿ 1970ರಲ್ಲಿ ಬಂತು. 1981ರವರೆಗೆ ತಯಾರಾಯಿತು. ಅದರ ಫಿಲ್ಟರ್ ಅದಕ್ಕಿಂತ ಹಳೆಯದು. ಬಾಬ್ ಮೂಗ್ ತಮ್ಮ ದೊಡ್ಡ ಮಾಡ್ಯುಲರ್ ಯಂತ್ರಗಳಿಗಾಗಿ ಅದನ್ನು ರೂಪಿಸಿದ್ದರು. ಪೇಟೆಂಟ್ ಅರ್ಜಿ 1966ರದು, ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ನಕ್ಷೆಯಲ್ಲಿ ಟ್ರಾನ್ಸಿಸ್ಟರ್ ಜೋಡಿಗಳು ಒಂದರ ಮೇಲೊಂದು ನಿಂತು ಏಣಿಯ ಹಾಗೆ ಕಾಣುತ್ತವೆ. ಹಾಗಾಗಿ ಅದು ಲ್ಯಾಡರ್ ಫಿಲ್ಟರ್ ಆಯಿತು. ನಾನು ಏಣಿ ಫಿಲ್ಟರ್ ಎನ್ನುತ್ತೇನೆ.

ದೂರು ಏನಿತ್ತು

ಕ್ಲಾವಿಯಾ ಕಂಪನಿ 1995ರಲ್ಲಿ ನಾರ್ಡ್ ಲೀಡ್ ಎಂಬ ಕೀಬೋರ್ಡ್ ತಂದಿತು. ಹೊರಗೆ ಅನಲಾಗ್ ವಾದ್ಯದಂತೆ ನಾಬ್‌ಗಳು, ಒಳಗೆ ಚಿಪ್‌ನಲ್ಲಿ ಓಡುವ ಲೆಕ್ಕ. 'ವರ್ಚುವಲ್ ಅನಲಾಗ್' ಎಂಬ ಹೆಸರು ಬಳಕೆಗೆ ಬಂದದ್ದು ಅದರಿಂದಲೇ. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿಯ ವಿಎಸ್‌ಟಿ ಬಂತು. ಸಂಗೀತದ ಸಾಫ್ಟ್‌ವೇರ್‌ನೊಳಗೆ ಪ್ಲಗಿನ್ ಎಂಬ ಸಣ್ಣ ಪ್ರೋಗ್ರಾಂಗಳನ್ನು ಸೇರಿಸುವ ವ್ಯವಸ್ಥೆ ಅದು. 1999ರ ಹೊತ್ತಿಗೆ ವಿಎಸ್‌ಟಿಯಲ್ಲಿ ವಾದ್ಯಗಳೂ ಓಡತೊಡಗಿದವು. ಮಾಮೂಲಿ ಕಂಪ್ಯೂಟರ್ ಇದ್ದವರೆಲ್ಲ ಸಿಂಥ್ ಇಟ್ಟುಕೊಳ್ಳುವಂತಾಯಿತು.

ಆ ಕಾಲದ ಡಿಜಿಟಲ್ ಏಣಿ ಫಿಲ್ಟರ್‌ಗಳ ಬಗ್ಗೆ ನುಡಿಸುವವರ ದೂರುಗಳನ್ನು ಒಟ್ಟುಗೂಡಿಸಿದರೆ ಮೂರು ಸಿಗುತ್ತವೆ.

ಒಂದು, ಶ್ರುತಿ. ಫಿಲ್ಟರ್ ಧ್ವನಿಯನ್ನು ತಗ್ಗಿಸತೊಡಗುವ ಗಡಿ ಕಟಾಫ್; ಆ ಗಡಿಯ ಸುತ್ತಲಿನ ಧ್ವನಿಯನ್ನು ಎತ್ತಿ ಕೇಳಿಸುವುದು ರೆಸೊನೆನ್ಸ್. ಮಿನಿಮೂಗ್‌ನಲ್ಲಿ ರೆಸೊನೆನ್ಸ್ ಪೂರ್ತಿ ಏರಿಸಿದರೆ ಫಿಲ್ಟರ್ ತಾನೇ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆಯನ್ನು ಕೀಬೋರ್ಡ್‌ನಿಂದ ನುಡಿಸಬಹುದು. ಸಾಫ್ಟ್‌ವೇರ್‌ನಲ್ಲಿ ಕೆಳಗಿನ ಸ್ವರಗಳು ಸರಿಯಾಗಿದ್ದು, ಮೇಲೆ ಹೋದಂತೆ ಸಿಳ್ಳೆ ತಗ್ಗುತ್ತಿತ್ತು.

ಎರಡು, ನಾಬ್‌ಗಳ ನಂಟು. ಕಟಾಫ್ ಮುಟ್ಟಿದರೆ ರೆಸೊನೆನ್ಸ್ ಬದಲಾಗುತ್ತಿತ್ತು. ಕೆಳಗೆ ಸಾಧುವಾಗಿದ್ದ ಫಿಲ್ಟರ್ ಮೇಲೆ ಹೋದಾಗ ಇದ್ದಕ್ಕಿದ್ದಂತೆ ಕಿರುಚುತ್ತಿತ್ತು.

ಮೂರನೆಯದನ್ನು ಮಾತಿನಲ್ಲಿ ಹೇಳುವುದು ಕಷ್ಟವಾಗಿತ್ತು. 'ಜೀವ ಇಲ್ಲ', 'ಒಣಗಿದ ಹಾಗಿದೆ' ಎನ್ನುತ್ತಿದ್ದರು. ಮೂಲ ಸ್ವರ ಹುಟ್ಟಿಸುವ ಆಸಿಲೇಟರ್‌ಗಳ ಮಟ್ಟ ಏರಿಸಿದರೆ ಧ್ವನಿ ಜೋರಾಗುತ್ತಿತ್ತು, ಅಷ್ಟೇ. ಅಸಲಿ ವಾದ್ಯದಲ್ಲಿ ಮಟ್ಟ ಏರಿಸಿದರೆ ಧ್ವನಿಯ ಬಣ್ಣವೇ ಬದಲಾಗುತ್ತದೆ.

ಮೂರಕ್ಕೂ ಕಾರಣ ಸರ್ಕ್ಯೂಟ್‌ನಲ್ಲೇ ಇದೆ. ಆದ್ದರಿಂದ ಮೊದಲು ಅದನ್ನು ಬಿಚ್ಚಿ ನೋಡಬೇಕು.

ಏಣಿಯ ಒಳಗೆ

ತಳದಲ್ಲಿ ಒಂದು ಟ್ರಾನ್ಸಿಸ್ಟರ್ ಜೋಡಿ ಇದೆ. ಆಸಿಲೇಟರ್‌ಗಳ ಧ್ವನಿ ಅಲ್ಲಿಗೆ ಬರುತ್ತದೆ. ಅದರ ಮೇಲೆ ನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ಒಂದು ಟ್ರಾನ್ಸಿಸ್ಟರ್ ಜೋಡಿ, ಎಡಬಲಗಳ ನಡುವೆ ಒಂದು ಕೆಪಾಸಿಟರ್. ಇಡೀ ಏಣಿಯಲ್ಲಿ ಒಂದು ನಿಯಂತ್ರಣ ಕರೆಂಟ್ ಹರಿಯುತ್ತದೆ. ಕರೆಂಟ್ ಹೆಚ್ಚಿದಷ್ಟೂ ಟ್ರಾನ್ಸಿಸ್ಟರ್ ಒಡ್ಡುವ ತಡೆ ಕಡಿಮೆ, ಕೆಪಾಸಿಟರ್ ಬೇಗ ತುಂಬುತ್ತದೆ, ಕಟಾಫ್ ಮೇಲೇರುತ್ತದೆ. ಕಟಾಫ್ ನಾಬ್ ತಿರುಗಿಸುವುದೆಂದರೆ ಈ ಕರೆಂಟನ್ನು ಬದಲಿಸುವುದು.

ಒಂದು ಮೆಟ್ಟಿಲು ಕಟಾಫ್‌ನ ಮೇಲಿನ ಧ್ವನಿಯನ್ನು ಆಕ್ಟೇವ್‌ಗೆ 6 ಡೆಸಿಬಲ್‌ನಂತೆ ಇಳಿಸುತ್ತದೆ. ನಾಲ್ಕು ಸೇರಿ 24 ಡೆಸಿಬಲ್.

ರೆಸೊನೆನ್ಸ್ ಹುಟ್ಟುವುದು ಫೀಡ್‌ಬ್ಯಾಕ್‌ನಿಂದ. ಏಣಿಯ ತುದಿಯ ಔಟ್‌ಪುಟ್ಟನ್ನು ತಿರುವಿ, ಅಂದರೆ ಮೈನಸ್ ಮಾಡಿ, ಮತ್ತೆ ತಳಕ್ಕೆ ಕೊಡುತ್ತಾರೆ. ಇಲ್ಲೊಂದು ಚೆಂದದ ಲೆಕ್ಕ ಇದೆ. ಸರಿಯಾಗಿ ಕಟಾಫ್ ಆವರ್ತನದಲ್ಲಿ ಪ್ರತಿ ಮೆಟ್ಟಿಲೂ ಅಲೆಯನ್ನು 45 ಡಿಗ್ರಿ ಹಿಂದಕ್ಕೆ ತಳ್ಳುತ್ತದೆ. ನಾಲ್ಕು ಮೆಟ್ಟಿಲು ದಾಟಿದರೆ 180 ಡಿಗ್ರಿ, ಅಂದರೆ ಅಲೆ ತಲೆಕೆಳಗು. ಅದನ್ನು ಮೈನಸ್ ಮಾಡಿದರೆ ಮತ್ತೆ ನೆಟ್ಟಗಾಗಿ, ಒಳಗೆ ಬರುವ ಅಲೆಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ಅಲೆಯ ಎತ್ತರ ಪ್ರತಿ ಮೆಟ್ಟಿಲಿನಲ್ಲೂ 2ರ ವರ್ಗಮೂಲದಿಂದ ಭಾಗವಾಗುತ್ತದೆ. ನಾಲ್ಕು ಸಲ ಆದಾಗ ಕಾಲು ಭಾಗ ಉಳಿಯುತ್ತದೆ. ಹಾಗಾಗಿ ಫೀಡ್‌ಬ್ಯಾಕ್‌ನಲ್ಲಿ 4 ಪಟ್ಟು ಹಿಗ್ಗಿಸಿ ಕೊಟ್ಟರೆ ಹೋದಷ್ಟೂ ವಾಪಸ್ ಬಂತು. ಸಿಳ್ಳೆ ಶುರುವಾಗುವುದು ಆಗಲೇ. ಕಟಾಫ್ ಎಲ್ಲೇ ಇರಲಿ, ಈ 4 ಬದಲಾಗುವುದಿಲ್ಲ.

ಇದೇ ಫೀಡ್‌ಬ್ಯಾಕ್ ಕೆಳಗಿನ ಸ್ವರಗಳನ್ನೂ ತಗ್ಗಿಸುತ್ತದೆ. ಫೀಡ್‌ಬ್ಯಾಕ್ 4 ಇದ್ದಾಗ ತಳದ ಧ್ವನಿ ಐದನೇ ಒಂದು ಭಾಗಕ್ಕೆ, ಸುಮಾರು 14 ಡೆಸಿಬಲ್ ಕೆಳಗೆ ಇಳಿಯುತ್ತದೆ. ಮಿನಿಮೂಗ್‌ನಲ್ಲಿ ರೆಸೊನೆನ್ಸ್ ಏರಿಸಿದಾಗ ಬೇಸ್ ಸೊರಗುವುದು ಇದಕ್ಕೇ. ಕೆಲವು ಪ್ಲಗಿನ್‌ಗಳು ಇದನ್ನು 'ಸರಿಪಡಿಸುತ್ತವೆ'. ಅದು ಬೇಕಾದವರಿಗೆ ಒಂದು ಸ್ವಿಚ್ ಆಗಿ ಇರಲಿ. ತಾನಾಗಿ ಆನ್ ಆಗಿರುವುದು ನನಗೆ ಸರಿ ಕಾಣುವುದಿಲ್ಲ. ಆ ಸೊರಗುವಿಕೆಯನ್ನು ನಂಬಿಕೊಂಡೇ ನುಡಿಸುವವರು ನಾಬ್ ತಿರುಗಿಸುತ್ತಾರೆ.

ಆ ಒಂದು ಸ್ಯಾಂಪಲ್

ಈಗ ಇದನ್ನು ಕಂಪ್ಯೂಟರ್‌ಗೆ ತರೋಣ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಧ್ವನಿಯ ಅಷ್ಟು ಬಿಡಿ ಅಳತೆಗಳು, ಎಂದುಕೊಳ್ಳಿ. ಪ್ರತಿ ಸ್ಯಾಂಪಲ್‌ಗೂ ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು, ನಾಲ್ಕನೆಯದು ಹೀಗೆ ಸಾಲಾಗಿ ಲೆಕ್ಕ ನಡೆಯುತ್ತದೆ. ಆದರೆ ಮೊದಲ ಮೆಟ್ಟಿಲಿಗೆ ಏನು ಕೊಡಬೇಕು? ಹೊರಗಿನ ಧ್ವನಿಯಿಂದ ನಾಲ್ಕನೇ ಮೆಟ್ಟಿಲಿನ ಔಟ್‌ಪುಟ್ ಕಳೆದು ಕೊಡಬೇಕು. ನಾಲ್ಕನೆಯದು ಇನ್ನೂ ಲೆಕ್ಕವೇ ಆಗಿಲ್ಲ. ಅದು ಗೊತ್ತಾಗಬೇಕಾದರೆ ಮೊದಲನೆಯದು ಗೊತ್ತಿರಬೇಕು.

ಸರ್ಕ್ಯೂಟ್‌ಗೆ ಈ ಪೇಚಾಟ ಇಲ್ಲ. ಅಲ್ಲಿ ಎಲ್ಲವೂ ಒಟ್ಟಿಗೇ ನಡೆಯುತ್ತದೆ. ಕಂಪ್ಯೂಟರ್ ಒಂದಾದ ಮೇಲೆ ಒಂದು ಮಾಡಬೇಕು. ಆಗ ಎಲ್ಲರಿಗೂ ತೋಚುವ ಉಪಾಯ ಒಂದೇ: ಹಿಂದಿನ ಸ್ಯಾಂಪಲ್‌ನ ಔಟ್‌ಪುಟ್ ಹೇಗೂ ಗೊತ್ತಿದೆ, ಅದನ್ನೇ ಬಳಸೋಣ. ತಡ ಎಷ್ಟು? ಸೆಕೆಂಡಿನ 10 ಲಕ್ಷ ಭಾಗಗಳಲ್ಲಿ ಸುಮಾರು 23. ಇಷ್ಟು ಸಣ್ಣದು ಯಾರಿಗೆ ಕೇಳಿಸುತ್ತದೆ ಅಂತ ಅನಿಸುತ್ತದೆ, ಅಲ್ವಾ?

ಕಿವಿಗೆ ತಡ ಕೇಳಿಸುವುದಿಲ್ಲ, ನಿಜ. ಆದರೆ ಫೀಡ್‌ಬ್ಯಾಕ್‌ಗೆ ತಿಳಿಯುತ್ತದೆ. ಉಯ್ಯಾಲೆಯನ್ನು ಪ್ರತಿಸಲವೂ ಚೂರು ತಡವಾಗಿ ತಳ್ಳಿದ ಹಾಗೆ ಅದು. ರೆಸೊನೆನ್ಸ್ ನಿಂತಿರುವುದೇ ಅಲೆಗಳು ಸರಿಯಾದ ಗಳಿಗೆಯಲ್ಲಿ ಕೂಡುವುದರ ಮೇಲೆ. ಒಂದು ಸ್ಯಾಂಪಲ್ ತಡ ಎಂದರೆ 100 ಹರ್ಟ್ಜ್‌ನಲ್ಲಿ 0.8 ಡಿಗ್ರಿ, ಲೆಕ್ಕಕ್ಕಿಲ್ಲ. 5,000 ಹರ್ಟ್ಜ್‌ನಲ್ಲಿ ಅದೇ ತಡ 41 ಡಿಗ್ರಿ. ಹೆಚ್ಚುಕಡಿಮೆ ಒಂದು ಪೂರ್ತಿ ಮೆಟ್ಟಿಲಿನಷ್ಟು. ನಾಲ್ಕು ಮೆಟ್ಟಿಲಿನ ಏಣಿಗೆ ಐದನೆಯದನ್ನು ಅಂಟಿಸಿದಂತಾಯಿತು.

ಮುಂದಿನ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಬಹುದು. ಮೆಟ್ಟಿಲುಗಳು ನಾಲ್ಕೂ ಅನಲಾಗ್‌ನಂತೆಯೇ ಕರಾರುವಾಕ್ಕಾಗಿವೆ ಎಂದು ಇಟ್ಟುಕೊಳ್ಳಿ. ತಪ್ಪಿರುವುದು ಆ ಒಂದು ಸ್ಯಾಂಪಲ್ ಮಾತ್ರ. ನಾಲ್ಕು ಮೆಟ್ಟಿಲಿನ ಡಿಗ್ರಿ ಮತ್ತು ತಡದ ಡಿಗ್ರಿ ಸೇರಿ 180 ಆಗುವ ಆವರ್ತನ ಹುಡುಕಬೇಕು. ಸಿಳ್ಳೆ ಬರುವುದು ಅಲ್ಲಿ. ಕಟಾಫ್ 5,000 ಹರ್ಟ್ಜ್ ಇಟ್ಟರೆ ಉತ್ತರ ಸುಮಾರು 3,800 ಹರ್ಟ್ಜ್. ನಾಲ್ಕೂಮುಕ್ಕಾಲು ಸೆಮಿಟೋನ್, ಅಂದರೆ ಕೀಬೋರ್ಡ್‌ನಲ್ಲಿ ಹೆಚ್ಚುಕಡಿಮೆ ಐದು ಕೀ, ಕೆಳಗೆ! ಕಟಾಫ್ 500 ಹರ್ಟ್ಜ್ ಇದ್ದರೆ ಅರ್ಧ ಸೆಮಿಟೋನ್‌ಗಿಂತ ಸ್ವಲ್ಪ ಜಾಸ್ತಿ ತಪ್ಪುತ್ತದೆ. 100 ಹರ್ಟ್ಜ್‌ನಲ್ಲಿ ತಪ್ಪು ಸೆಮಿಟೋನಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಕೆಳಗೆ ಸರಿ, ಮೇಲೆ ತಗ್ಗು. ಮೊದಲ ದೂರು ಇದೇ.

ಎರಡನೆಯದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. 3,800 ಹರ್ಟ್ಜ್ ಎಂಬುದು 5,000ದ ಕಟಾಫ್‌ಗಿಂತ ಕೆಳಗಿದೆ. ಅಲ್ಲಿ ಏಣಿ ಅಲೆಯನ್ನು ಕಾಲು ಭಾಗಕ್ಕೆ ಇಳಿಸುವುದಿಲ್ಲ, 0.4ರಷ್ಟು ಉಳಿಸುತ್ತದೆ. ಹಾಗಾಗಿ ಸಿಳ್ಳೆಗೆ ಫೀಡ್‌ಬ್ಯಾಕ್ 4 ಬೇಕಿಲ್ಲ, ಸುಮಾರು 2.5 ಸಾಕು. ನುಡಿಸುವವರು ರೆಸೊನೆನ್ಸನ್ನು 3ರಲ್ಲಿಟ್ಟು ಕಟಾಫ್ ಏರಿಸುತ್ತಾ ಹೋದರೆ ಒಂದು ಜಾಗದಲ್ಲಿ ಫಿಲ್ಟರ್ ಕಿರುಚಲೇಬೇಕು. ಅಸಲಿ ವಾದ್ಯದಲ್ಲಿ 3 ಎಂಬುದು ಎಲ್ಲ ಕಡೆಯೂ 3.

ಜನರು 'ಡಿಜಿಟಲ್ ಧ್ವನಿ ಕಟು' ಎನ್ನುತ್ತಿದ್ದಾಗ ಬಹಳಷ್ಟು ಮಂದಿ ಅದನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಿದರು. ಅದು ಅನ್ಯಾಯ. ಕಿವಿಗಳು ಸರಿಯಾಗಿಯೇ ಹೇಳುತ್ತಿದ್ದವು. ಕಾರಣವನ್ನು ಹೆಸರಿಸಲು ಅವರ ಹತ್ತಿರ ಮಾತುಗಳಿರಲಿಲ್ಲ, ಅಷ್ಟೇ.

ತೇಪೆ ಹಚ್ಚಿದ ವರ್ಷಗಳು

ಈ ಸಮಸ್ಯೆಯನ್ನು ಮೊದಲಿಗೆ ಕ್ರಮವಾಗಿ ಬಿಡಿಸಿಟ್ಟವರಲ್ಲಿ ಸ್ಟ್ಯಾನ್‌ಫರ್ಡ್‌ನ ಟಿಮ್ ಸ್ಟಿಲ್ಸನ್ ಮತ್ತು ಜೂಲಿಯಸ್ ಸ್ಮಿತ್ ಮುಖ್ಯರು. 1996ರ ಅವರ ಪ್ರಬಂಧ ಮೂಗ್ ಫಿಲ್ಟರನ್ನು ಡಿಜಿಟಲ್‌ಗೆ ತರುವಾಗ ಏನೇನು ಕೈಕೊಡುತ್ತದೆ ಎಂಬುದನ್ನು ತೋರಿಸಿತು. ಮೆಟ್ಟಿಲಿನ ಡಿಜಿಟಲ್ ರೂಪವನ್ನು ಸ್ವಲ್ಪ ಬಾಗಿಸಿ, ಕಟಾಫ್ ಮತ್ತು ರೆಸೊನೆನ್ಸ್ ಆದಷ್ಟು ಬೇರೆಬೇರೆಯಾಗಿ ಉಳಿಯುವಂತೆ ಮಾಡುವ ದಾರಿಯನ್ನೂ ಸೂಚಿಸಿತು. ಅಂದಿನ ಪ್ರೊಸೆಸರ್‌ಗಳ ಶಕ್ತಿ ನೆನೆದರೆ ಅದು ಜಾಣ ರಾಜಿ. ಆಮೇಲಿನ ಎಷ್ಟೋ ಕೋಡ್‌ಗಳು ಅದೇ ದಾರಿ ಹಿಡಿದವು. ತಪ್ಪು ಎಷ್ಟೆಂದು ಮೊದಲೇ ಅಳೆದು, ಅಷ್ಟು ತಿದ್ದುಪಡಿಯನ್ನು ಕೋಷ್ಟಕದಿಂದ ಸೇರಿಸುವುದು ಇನ್ನೊಂದು ರೂಢಿ.

ತೇಪೆಯ ಕಷ್ಟ ಏನೆಂದರೆ, ಅದು ನಾಬ್ ನಿಂತಿರುವಾಗ ಮಾತ್ರ ಸರಿ. ಮಿನಿಮೂಗ್‌ನಲ್ಲಿ ಮೂರನೇ ಆಸಿಲೇಟರ್‌ನಿಂದ ಕಟಾಫನ್ನು ಅಲುಗಾಡಿಸಬಹುದು, ಅದೂ ಕಿವಿಗೆ ಸ್ವರವಾಗಿ ಕೇಳುವಷ್ಟು ವೇಗದಲ್ಲಿ. ಆಗ ಫಿಲ್ಟರ್‌ಗೆ ನೆಲೆ ನಿಲ್ಲಲು ಸಮಯವೇ ಇಲ್ಲ. ಅಸಲಿ ಸರ್ಕ್ಯೂಟ್‌ನಲ್ಲಿ ಪ್ರತಿ ಕೆಪಾಸಿಟರ್‌ನಲ್ಲೂ ಒಂದು ಚಾರ್ಜ್ ಕುಳಿತಿದೆ. ಕರೆಂಟ್ ಬದಲಾದರೂ ಆ ಚಾರ್ಜ್ ಹಾಗೇ ಇರುತ್ತದೆ, ಅಲ್ಲಿಂದಲೇ ಮುಂದುವರಿಯುತ್ತದೆ. ಫಿಲ್ಟರಿನ ಆವರ್ತನ ರೇಖೆಯನ್ನಷ್ಟೇ ಹೊಂದಿಸಿ ಬರೆದ ಕೋಡ್‌ನಲ್ಲಿ ನೆನಪಿನ ಸಂಖ್ಯೆಗಳಿಗೆ ಅಂಥ ಅರ್ಥ ಇರುವುದಿಲ್ಲ. ನಾಬ್ ವೇಗವಾಗಿ ತಿರುಗಿದಾಗ ಹಳೆಯ ನೆನಪಿಗೂ ಹೊಸ ಗುಣಾಂಕಕ್ಕೂ ತಾಳೆಯಾಗದೆ ಟಿಕ್ ಟಿಕ್ ಸದ್ದು, ಕೆಲವೊಮ್ಮೆ ಸ್ಫೋಟ.

ಇಲ್ಲಿಯೇ ನನ್ನ ಮುಖ್ಯ ಮಾತು ಬರುತ್ತದೆ. ಒಂದು ವಾದ್ಯವನ್ನು ಮತ್ತೆ ಕಟ್ಟುವಾಗ ಅದರ ಅಳತೆಯ ರೇಖೆಯನ್ನು ನಕಲು ಮಾಡಿದರೆ ಸಾಲದು. ಆ ರೇಖೆ ಹುಟ್ಟಿದ ಜೋಡಣೆಯನ್ನು ಉಳಿಸಿಕೊಳ್ಳಬೇಕು. ಡಯೋಡ್ ಏಣಿಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಇಎಮ್‌ಎಸ್‌ನ ವಿಸಿಎಸ್3, ರೋಲ್ಯಾಂಡ್‌ನ ಟಿಬಿ-303 ಎಂಬ ಸಿಂಥ್‌ಗಳೆರಡರಲ್ಲೂ ಏಣಿ ಇದೆ, ಆದರೆ ಟ್ರಾನ್ಸಿಸ್ಟರ್ ಜೋಡಿಗಳ ಬದಲು ಡಯೋಡ್‌ಗಳಂತೆ ನಡೆಯುವ ಮೆಟ್ಟಿಲುಗಳು. ಅಲ್ಲಿ ಮೇಲಿನ ಮೆಟ್ಟಿಲು ಕೆಳಗಿನದನ್ನು ಎಳೆಯುತ್ತದೆ, ಒಂದಕ್ಕೊಂದು ಬಿಡಿಯಾಗಿಲ್ಲ. ಮೂಗ್ ಏಣಿಯ ಕೋಡ್‌ಗೆ ನಾಲ್ಕು ಸಂಖ್ಯೆ ಬದಲಿಸಿದ ಮಾತ್ರಕ್ಕೆ ಅದು 303 ಆಗುವುದಿಲ್ಲ.

ಟ್ರಾನ್ಸಿಸ್ಟರ್ ಬಾಗುವ ಜಾಗ

ಮೂರನೇ ದೂರು ಇನ್ನೂ ಉಳಿದಿದೆ: ಜೀವ ಇಲ್ಲ.

ಟ್ರಾನ್ಸಿಸ್ಟರ್ ಜೋಡಿಯೊಂದು ಎಷ್ಟು ಕೊಟ್ಟರೂ ಅಷ್ಟನ್ನೇ ದಾಟಿಸುವುದಿಲ್ಲ. ಸಣ್ಣ ಅಲೆಯನ್ನು ಹಾಗೇ ಬಿಡುತ್ತದೆ. ದೊಡ್ಡದಾದಂತೆ ತಲೆ ಮತ್ತು ಬುಡವನ್ನು ನುಣ್ಣಗೆ ಬಾಗಿಸುತ್ತದೆ. ಗಣಿತದಲ್ಲಿ ಇದು ಟ್ಯಾನ್‌ಎಚ್ ಎಂಬ ರೇಖೆ. ಬಾಗುವಿಕೆ ಎಲ್ಲಿ ಶುರು ಎಂಬುದನ್ನು ಥರ್ಮಲ್ ವೋಲ್ಟೇಜ್ ತೀರ್ಮಾನಿಸುತ್ತದೆ. ಕೋಣೆಯ ತಾಪದಲ್ಲಿ ಅದು ಸುಮಾರು 26 ಮಿಲಿವೋಲ್ಟ್. ಅಂದರೆ ಏಣಿಯೊಳಗೆ ಕೆಲವು ಹತ್ತು ಮಿಲಿವೋಲ್ಟ್ ಅಲೆ ಬಂದರೆ ಸಾಕು, ಟ್ರಾನ್ಸಿಸ್ಟರ್ ಬಾಗತೊಡಗುತ್ತದೆ. ಮಿನಿಮೂಗ್‌ನಲ್ಲಿ ಮೂರು ಆಸಿಲೇಟರ್‌ಗಳನ್ನೂ ಏರಿಸಿಟ್ಟರೆ ಈ ಗಡಿ ಸುಲಭವಾಗಿ ದಾಟುತ್ತದೆ.

ಹಾಗಾದರೆ ಫಿಲ್ಟರ್‌ನ ಮುಂದೆ ಒಂದು ಟ್ಯಾನ್‌ಎಚ್ ಇಟ್ಟರೆ ಆಗುವುದಿಲ್ಲವೇ? ಕೆಲವರು ಹಾಗೆಯೇ ಮಾಡಿದರು. ಧ್ವನಿಗೆ ಒಂದಿಷ್ಟು ಕೊಬ್ಬು ಬರುತ್ತದೆ. ಆದರೆ ಅಸಲಿಯಲ್ಲಿ ಬಾಗುವಿಕೆ ಪ್ರತಿ ಮೆಟ್ಟಿಲಿನಲ್ಲೂ ಇದೆ. ತಳದಲ್ಲಿ ಹುಟ್ಟಿದ ಹೊಸ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಆವರ್ತನದ ಪಟ್ಟುಗಳನ್ನು, ಮೇಲಿನ ಮೆಟ್ಟಿಲುಗಳು ಸೋಸುತ್ತವೆ. ಮೇಲಿನವು ತಮ್ಮದಿಷ್ಟು ಸೇರಿಸುತ್ತವೆ. ಎಲ್ಲವೂ ಫೀಡ್‌ಬ್ಯಾಕ್‌ನಲ್ಲಿ ಮತ್ತೆ ಕೆಳಕ್ಕೆ ಬರುತ್ತವೆ. ದೊಡ್ಡ ಅಲೆಗೆ ಮೆಟ್ಟಿಲು ಪೂರ್ತಿ ವೇಗದಲ್ಲಿ ಪ್ರತಿಕ್ರಿಯಿಸಲಾರದು, ಹಾಗಾಗಿ ಕಟಾಫ್ ತಾನೇ ಸ್ವಲ್ಪ ಕೆಳಗೆ ಜಾರುತ್ತದೆ.

ನನಗೆ ತುಂಬ ಇಷ್ಟವಾದ ಗುಣ ಒಂದಿದೆ. ಜೋರಾದ ಸ್ವರ ಒಳಗೆ ಬಂದಾಗ ಟ್ರಾನ್ಸಿಸ್ಟರ್‌ಗಳು ಬಾಗಿರುತ್ತವೆ, ಫೀಡ್‌ಬ್ಯಾಕ್ ಸುತ್ತಿನ ಬಲ ಕುಗ್ಗಿರುತ್ತದೆ. ರೆಸೊನೆನ್ಸ್ ಏರಿಸಿಟ್ಟಿದ್ದರೂ ಸಿಳ್ಳೆ ಮುಚ್ಚಿಹೋಗುತ್ತದೆ. ಒಳಗೆ ಬರುವ ಧ್ವನಿ ತಗ್ಗಿದಂತೆ ಫೀಡ್‌ಬ್ಯಾಕ್‌ಗೆ ಬಲ ಮರಳುತ್ತದೆ, ಸಿಳ್ಳೆ ಮೆಲ್ಲನೆ ಮೇಲೆದ್ದು ಬರುತ್ತದೆ. ಒಂದೇ ನಾಬ್ ಸ್ಥಿತಿಯಲ್ಲಿ ಎರಡು ಬೇರೆ ಬಣ್ಣ. 'ಜೀವ' ಎಂದು ನುಡಿಸುವವರು ಕರೆದದ್ದರಲ್ಲಿ ಇದರ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ. ಟ್ಯಾನ್‌ಎಚ್ ಹೊರಗಿಟ್ಟರೆ ಇದು ಸಿಗುವುದಿಲ್ಲ, ಅದು ಸುತ್ತಿನ ಒಳಗೇ ಇರಬೇಕು.

ಸಿಳ್ಳೆ ಹದವಾಗಿ ನಿಲ್ಲುವುದೂ ಇದರಿಂದಲೇ. ಬಾಗುವಿಕೆ ಇಲ್ಲದ ಲೆಕ್ಕದಲ್ಲಿ ಫೀಡ್‌ಬ್ಯಾಕ್ 4 ದಾಟಿದರೆ ಅಲೆ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ತಡೆಯಲು ಒಂದು ಮಿತಿಯಲ್ಲಿ ಸುಮ್ನೆ ಕತ್ತರಿಸಿದರೆ ಕರ್ಕಶ. ಟ್ರಾನ್ಸಿಸ್ಟರ್ ಕತ್ತರಿಸುವುದಿಲ್ಲ, ಅಲೆ ಬೆಳೆದಷ್ಟೂ ಬಲ ಕಡಿಮೆ ಕೊಡುತ್ತದೆ.

2004ರಲ್ಲಿ ಫಿನ್‌ಲ್ಯಾಂಡಿನ ಆಂಟಿ ಹುವೊವಿಲೈನೆನ್ ಈ ಕೆಲಸವನ್ನು ಮಾಡಿ ತೋರಿಸಿದರು. ಪ್ರತಿ ಮೆಟ್ಟಿಲಿನ ಒಳಗೂ ಟ್ಯಾನ್‌ಎಚ್ ಇಟ್ಟರು. ಫೀಡ್‌ಬ್ಯಾಕ್ ದಾರಿಯಲ್ಲಿ ಅರ್ಧ ಸ್ಯಾಂಪಲ್‌ನ ಫೇಸ್ (ಅಲೆಯ ಡಿಗ್ರಿ) ತಿದ್ದುಪಡಿ ಸೇರಿಸಿದರು. ಲೆಕ್ಕವನ್ನು ಎರಡು ಪಟ್ಟು ಸ್ಯಾಂಪಲ್ ದರದಲ್ಲಿ ಓಡಿಸಿದರು. ಸೀಸೌಂಡ್ ಎಂಬ ಉಚಿತ ಸಂಗೀತ ಭಾಷೆಯಲ್ಲಿರುವ ಮೂಗ್‌ಲ್ಯಾಡರ್ ಅದೇ ವಿಧಾನದ ಮೇಲೆ ನಿಂತಿದೆ. ಯಾರು ಬೇಕಾದರೂ ಅದರ ಕೋಡ್ ತೆರೆದು ಓದಬಹುದು. ಈ ಪ್ರಕರಣದಲ್ಲಿ ಇದು ದೊಡ್ಡ ತಿರುವು. ಏಣಿಯ ಒಳಗಿನ ಭೌತಿಕ ಕಾರಣವೇ ಕೋಡ್‌ಗೆ ಬಂತು.

ತಡ ಮಾತ್ರ ಇನ್ನೂ ಇತ್ತು. ಅದನ್ನು ಸಣ್ಣದು ಮಾಡಿ, ಸರಿದೂಗಿಸಿದ್ದರು.

ಎಲ್ಲವನ್ನೂ ಒಟ್ಟಿಗೇ ಬಿಡಿಸುವುದು

ಮೊದಲನೆಯದು ಗೊತ್ತಾಗಲು ನಾಲ್ಕನೆಯದು ಬೇಕು, ನಾಲ್ಕನೆಯದಕ್ಕೆ ಮೊದಲನೆಯದು ಬೇಕು. ಕೋಡ್ ಬರೆಯುವವರಿಗೆ ಇದು ಗೋಡೆ. ಗಣಿತ ಓದಿದವರಿಗೆ ಇದು ಎರಡು ಅಜ್ಞಾತಗಳ ಎರಡು ಸಮೀಕರಣ.

ಬಾಗುವಿಕೆಯನ್ನು ಸದ್ಯಕ್ಕೆ ಬದಿಗಿಡಿ. ಈ ಕ್ಷಣದಲ್ಲಿ ಒಂದು ಮೆಟ್ಟಿಲಿನ ಔಟ್‌ಪುಟ್ ಎಂದರೆ ಅದರ ಇನ್‌ಪುಟ್‌ನ ಒಂದು ಪಾಲು, ಅದಕ್ಕೆ ಕೆಪಾಸಿಟರ್‌ನ ನೆನಪಿನಿಂದ ಬರುವ ಒಂದು ಸಂಖ್ಯೆ. ಪಾಲೂ ಗೊತ್ತು, ನೆನಪೂ ಗೊತ್ತು. ನಾಲ್ಕು ಮೆಟ್ಟಿಲುಗಳನ್ನು ಒಂದರೊಳಗೊಂದು ಸೇರಿಸಿದರೂ ರೂಪ ಅದೇ: ಏಣಿಯ ಔಟ್‌ಪುಟ್ = ಒಟ್ಟು ಪಾಲು × ಏಣಿಯ ಇನ್‌ಪುಟ್ + ಒಟ್ಟು ನೆನಪು. ಏಣಿಯ ಇನ್‌ಪುಟ್ = ಹೊರಗಿನ ಧ್ವನಿ − ಫೀಡ್‌ಬ್ಯಾಕ್ × ಏಣಿಯ ಔಟ್‌ಪುಟ್. ಎರಡನ್ನೂ ಸೇರಿಸಿ ಬಿಡಿಸಿದರೆ, ಹೊರಗಿನ ಧ್ವನಿಯನ್ನು ಒಟ್ಟು ಪಾಲಿನಿಂದ ಗುಣಿಸಿ, ಒಟ್ಟು ನೆನಪು ಕೂಡಿಸಿ, 1 + ಫೀಡ್‌ಬ್ಯಾಕ್ × ಒಟ್ಟು ಪಾಲು ಎಂಬುದರಿಂದ ಭಾಗಿಸಿದರೆ ಆಯಿತು. ಶಾಲೆಯ ಗಣಿತ. ಹಿಂದಿನ ಸ್ಯಾಂಪಲ್‌ನ ಔಟ್‌ಪುಟ್ ಬೇಕೇ ಇಲ್ಲ. ತಡ ಸೊನ್ನೆ.

ಈ ಬಗೆಯ ಫಿಲ್ಟರ್‌ಗಳನ್ನು ಜೀರೋ ಡಿಲೇ ಫೀಡ್‌ಬ್ಯಾಕ್ ಎನ್ನುತ್ತಾರೆ. ಸರ್ಕ್ಯೂಟ್‌ನ ಜೋಡಣೆಯನ್ನು ಹಾಗೇ ಉಳಿಸಿಕೊಂಡು ಡಿಜಿಟಲ್‌ಗೆ ತರುವ ವಿಧಾನವನ್ನು ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದ ವಾದಿಮ್ ಜವಲಿಶಿನ್ 2008ರಲ್ಲಿ ವಿವರಿಸಿದರು. 2012ರಲ್ಲಿ ಇಡೀ ವಿಷಯದ ಮೇಲೆ ಒಂದು ಪುಸ್ತಕ ಬರೆದು ಉಚಿತವಾಗಿ ಹಂಚಿದರು. ಒಬ್ಬ ಎಂಜಿನಿಯರ್ ತನ್ನ ಕಸುಬಿನ ಗುಟ್ಟನ್ನು ಹೀಗೆ ಬಿಚ್ಚಿಟ್ಟದ್ದರಿಂದ ಆಮೇಲೆ ಬಂದ ಎಷ್ಟೋ ಸಣ್ಣ ತಂಡಗಳಿಗೆ ದಾರಿ ಸಿಕ್ಕಿತು. ಇದಕ್ಕೆ ನಾವು ಕೃತಜ್ಞರಾಗಿರಬೇಕು.

ಈ ವಿಧಾನದಲ್ಲಿ ಕಟಾಫ್‌ಗೆ ಒಂದು ಸಣ್ಣ ತಿದ್ದುಪಡಿ ಮೊದಲೇ ಮಾಡಿದರೆ ಮೆಟ್ಟಿಲೊಂದು ಕಟಾಫ್‌ನಲ್ಲಿ ಸರಿಯಾಗಿ 45 ಡಿಗ್ರಿ ಕೊಡುತ್ತದೆ. ಹಾಗಾಗಿ 5,000ಕ್ಕೆ ಇಟ್ಟರೆ ಸಿಳ್ಳೆ 5,000ದಲ್ಲೇ. ಫೀಡ್‌ಬ್ಯಾಕ್ 4 ಎಂದರೆ ಎಲ್ಲ ಕಡೆ 4. ನೆನಪಿನ ಸಂಖ್ಯೆಗಳು ಕೆಪಾಸಿಟರ್ ಚಾರ್ಜ್‌ನ ಜಾಗದಲ್ಲಿ ನಿಲ್ಲುವುದರಿಂದ ನಾಬ್ ಎಷ್ಟು ವೇಗವಾಗಿ ತಿರುಗಿದರೂ ಫಿಲ್ಟರ್ ಎಡವುವುದಿಲ್ಲ.

ಈಗ ಬಾಗುವಿಕೆಯನ್ನು ಒಳಗೆ ತಂದರೆ? ಟ್ಯಾನ್‌ಎಚ್ ಇರುವ ಸಮೀಕರಣವನ್ನು ಒಂದೇ ಭಾಗಾಕಾರದಲ್ಲಿ ಬಿಡಿಸಲಾಗುವುದಿಲ್ಲ. ನ್ಯೂಟನ್ ವಿಧಾನ ಬೇಕಾಗುತ್ತದೆ. ಒಂದು ಊಹೆಯಿಂದ ಶುರು, ತಪ್ಪೆಷ್ಟು ನೋಡು, ತಿದ್ದು, ಮತ್ತೆ ನೋಡು. ಪ್ರತಿ ಸ್ಯಾಂಪಲ್‌ಗೂ ಹೀಗೆ.

ಇದರ ಜೊತೆಗೆ ಆಲಿಯಾಸಿಂಗ್ ಕಾಟ. 5,000 ಹರ್ಟ್ಜ್‌ನ ಸಿಳ್ಳೆ ಬಾಗಿದಾಗ 15,000, 25,000, 35,000 ಹೀಗೆ ಬೆಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. 44,100ರ ದರದಲ್ಲಿ 22,050ಕ್ಕಿಂತ ಮೇಲಿನದಕ್ಕೆ ಜಾಗ ಇಲ್ಲ, ಅವು ಮಡಚಿಕೊಂಡು ಕೆಳಗೆ ಬರುತ್ತವೆ. 35,000 ಬಂದು 9,100ರಲ್ಲಿ ಕೂರುತ್ತದೆ. ಮೂಲ ಸ್ವರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸ್ವರ ಏರಿದರೆ ಅದು ಇಳಿಯುತ್ತದೆ. ಕಿವಿ ಇದನ್ನು ಕೂಡಲೇ ಹಿಡಿಯುತ್ತದೆ. ಆದ್ದರಿಂದ ಓವರ್‌ಸ್ಯಾಂಪ್ಲಿಂಗ್, ಅಂದರೆ ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ ಮಾಡುವುದು, ಅನಿವಾರ್ಯ.

ಖರ್ಚಿನ ಲೆಕ್ಕ ಹಾಕೋಣ. ನಾಲ್ಕು ಪಟ್ಟು ದರ ಎಂದರೆ ಸೆಕೆಂಡಿಗೆ 1,76,400 ಸ್ಯಾಂಪಲ್. ಎಂಟು ಸ್ವರ ಒಟ್ಟಿಗೆ ನುಡಿದರೆ 14 ಲಕ್ಷಕ್ಕೂ ಜಾಸ್ತಿ ಸಲ ಸಮೀಕರಣ ಬಿಡಿಸಬೇಕು. ಪ್ರತಿಸಲ ಮೂರು ಸುತ್ತು, ಸುತ್ತಿಗೆ ಐದು ಟ್ಯಾನ್‌ಎಚ್ ಎಂದುಕೊಂಡರೂ ಸೆಕೆಂಡಿಗೆ 2 ಕೋಟಿಗಿಂತ ಹೆಚ್ಚು ಟ್ಯಾನ್‌ಎಚ್. ಇದು ಫಿಲ್ಟರ್ ಒಂದರದ್ದೇ.

2011ರ ಕೊನೆಗೆ ಬಂದ ಊ-ಹೆ ಕಂಪನಿಯ ಡಿವಾ ಎಂಬ ಸಾಫ್ಟ್‌ವೇರ್ ಸಿಂಥ್ ಈ ಖರ್ಚನ್ನು ಮರೆಮಾಚಲಿಲ್ಲ. ಬಳಸುವವರ ಕೈಗೇ ಆಯ್ಕೆ ಕೊಟ್ಟಿತು. ಡ್ರಾಫ್ಟ್, ಫಾಸ್ಟ್, ಗ್ರೇಟ್, ಡಿವೈನ್ ಎಂದು ನಾಲ್ಕು ಹಂತ. ಮೇಲಿನ ಹಂತದಲ್ಲಿ ಅಂದಿನ ಕಂಪ್ಯೂಟರ್‌ಗಳು ತಿಣುಕಾಡಿದವು. ನುಡಿಸುವಾಗ ಹಗುರ ಹಂತ ಇಟ್ಟುಕೊಂಡು, ಹಾಡನ್ನು ಫೈಲ್‌ಗೆ ಇಳಿಸುವಾಗ ಅತ್ಯುತ್ತಮ ಹಂತ ಬಳಸುವ ಅನುಕೂಲವೂ ಇತ್ತು. ಇದು ಪ್ರಾಮಾಣಿಕ ವಿನ್ಯಾಸ. ಗುಣ ಬೇಕಾದರೆ ಖರ್ಚು ಇಷ್ಟು ಎಂದು ಮುಖಕ್ಕೆ ಹೇಳುತ್ತದೆ.

ಕಿವಿಯಿಂದ ಪರೀಕ್ಷಿಸುವುದು ಹೇಗೆ

ನಿಮ್ಮ ಹತ್ತಿರ ಏಣಿ ಫಿಲ್ಟರ್ ಇರುವ ಪ್ಲಗಿನ್ ಇದ್ದರೆ ಮೇಲಿನದ್ದನ್ನೆಲ್ಲ ಸ್ವತಃ ಕೇಳಬಹುದು. ಆಸಿಲೇಟರ್‌ಗಳನ್ನು ಪೂರ್ತಿ ಇಳಿಸಿ, ರೆಸೊನೆನ್ಸ್ ಪೂರ್ತಿ ಏರಿಸಿ. ಫಿಲ್ಟರ್ ಕೀಬೋರ್ಡನ್ನು ಪೂರ್ತಿ ಅನುಸರಿಸುವಂತೆ ಮಾಡಿ. ಮಿನಿಮೂಗ್ ವಿನ್ಯಾಸದಲ್ಲಿ ಇದಕ್ಕೆ ಎರಡು ಸ್ವಿಚ್ ಇವೆ, ಒಂದು ಮೂರನೇ ಒಂದರಷ್ಟು, ಇನ್ನೊಂದು ಮೂರನೇ ಎರಡರಷ್ಟು. ಎರಡನ್ನೂ ಹಾಕಿದರೆ ಪೂರ್ತಿ. ಈಗ ಸಿಳ್ಳೆಯನ್ನು ಕೆಳಗಿನಿಂದ ಮೇಲಕ್ಕೆ ಆಕ್ಟೇವ್‌ಗಳಲ್ಲಿ ನುಡಿಸಿ, ಟ್ಯೂನರ್ ನೋಡಿ. ಮೇಲೆ ಹೋದಂತೆ ತಗ್ಗುತ್ತಾ ಹೋದರೆ ಒಳಗೆ ತಡ ಇದೆ ಎಂದು ಶಂಕಿಸಬಹುದು.

ಆಮೇಲೆ ಆಸಿಲೇಟರ್‌ಗಳನ್ನು ತನ್ನಿ. ರೆಸೊನೆನ್ಸ್ ಸಿಳ್ಳೆಯ ಅಂಚಿನಲ್ಲಿರಲಿ. ಮಿಕ್ಸರ್‌ನಲ್ಲಿ ಮಟ್ಟ ಏರಿಸುತ್ತಾ ಇಳಿಸುತ್ತಾ ಕೇಳಿ. ಸಿಳ್ಳೆ ಮುಳುಗಿ ಏಳುತ್ತಿದ್ದರೆ ಬಾಗುವಿಕೆ ಸುತ್ತಿನ ಒಳಗಿದೆ. ಬರೀ ಜೋರಾಗುತ್ತಿದ್ದರೆ ಇಲ್ಲ.

ಎರಡು ಪ್ಲಗಿನ್ ಹೋಲಿಸುವಾಗ ಧ್ವನಿಮಟ್ಟ ಸಮ ಮಾಡಿಕೊಳ್ಳಿ. ಚೂರು ಜೋರಾಗಿರುವುದೇ ಚೆನ್ನಾಗಿದೆ ಅನಿಸುತ್ತದೆ, ಎಲ್ಲರಿಗೂ.

ಇನ್ನೂ ಬಗೆಹರಿಯದ್ದು

ಯಾವ ಮಿನಿಮೂಗ್‌ನ ಹಾಗೆ ಇರಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕೆಪಾಸಿಟರ್, ಟ್ರಾನ್ಸಿಸ್ಟರ್ ಯಾವುದೂ ಇನ್ನೊಂದರ ಪಡಿಯಚ್ಚಲ್ಲ. ಎರಡು ವಾದ್ಯಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಸ್ವಲ್ಪ ಬೇರೆ. ಥರ್ಮಲ್ ವೋಲ್ಟೇಜ್ ಕೂಡ ತಾಪದ ಜೊತೆ ಏರುತ್ತದೆ, 10 ಡಿಗ್ರಿಗೆ ಶೇಕಡ 3ರಷ್ಟು. ಒಂದು ನಿರ್ದಿಷ್ಟ ವಾದ್ಯವನ್ನು ಅಳೆದು ಅದಕ್ಕೆ ನಿಷ್ಠರಾಗಿರುವವರೂ ಇದ್ದಾರೆ, ಪ್ರತಿ ಸ್ವರಕ್ಕೂ ಬೇಕೆಂದೇ ಸಣ್ಣ ವ್ಯತ್ಯಾಸ ಸೇರಿಸುವವರೂ ಇದ್ದಾರೆ. ಎರಡೂ ನ್ಯಾಯವೇ.

ಇದಕ್ಕಿಂತ ಕಷ್ಟದ ತಕರಾರು ಇನ್ನೊಂದಿದೆ. ಮಿನಿಮೂಗ್ ನುಡಿಸುವವರು ಹೆಡ್‌ಫೋನ್ ಔಟ್‌ಪುಟ್‌ನಿಂದ ಒಂದು ಕೇಬಲ್ ತೆಗೆದು ಎಕ್ಸ್‌ಟರ್ನಲ್ ಇನ್‌ಪುಟ್‌ಗೆ ಚುಚ್ಚುತ್ತಾರೆ. ವಾದ್ಯದ ಧ್ವನಿ ಮತ್ತೆ ಅದರ ಮಿಕ್ಸರ್‌ಗೇ ಬರುತ್ತದೆ. ಸ್ವಲ್ಪ ಕೊಟ್ಟರೆ ಧ್ವನಿ ದಪ್ಪ, ಜಾಸ್ತಿ ಕೊಟ್ಟರೆ ಗರ್ಜನೆ. ಈಗ ಫೀಡ್‌ಬ್ಯಾಕ್ ಸುತ್ತು ಏಣಿಯಷ್ಟೇ ಅಲ್ಲ. ಮಿಕ್ಸರ್, ಏಣಿ, ವಿಸಿಎ (ಧ್ವನಿಮಟ್ಟವನ್ನು ನಿಯಂತ್ರಿಸುವ ಭಾಗ) ಮೂರೂ ಅದರೊಳಗೆ ಬಂದವು. ತಡ ಪೂರ್ತಿ ತೆಗೆಯಬೇಕಾದರೆ ಮೂರರ ಸಮೀಕರಣಗಳನ್ನೂ ಒಂದೇ ಕಂತೆಯಾಗಿ ಬಿಡಿಸಬೇಕು. ಒಂದು ಸ್ಯಾಂಪಲ್ ತಡ ಇಟ್ಟುಕೊಂಡು ನಾಲ್ಕು ಪಟ್ಟು ದರದಲ್ಲಿ ಓಡಿಸುವುದು ಅಗ್ಗದ ದಾರಿ. ಆಗ 5,000 ಹರ್ಟ್ಜ್‌ನಲ್ಲಿ 41 ಡಿಗ್ರಿಯ ತಪ್ಪು ಸುಮಾರು 10 ಡಿಗ್ರಿಗೆ ಇಳಿಯುತ್ತದೆ. ನಾನಾಗಿದ್ದರೆ ಸದ್ಯಕ್ಕೆ ಇದನ್ನೇ ಮಾಡುತ್ತೇನೆ, ಯಾಕೆಂದರೆ ಈ ಸುತ್ತಿನ ಮೇಲೆ ಯಾರೂ ಶ್ರುತಿಯಲ್ಲಿ ಸಿಳ್ಳೆ ನುಡಿಸುವುದಿಲ್ಲ. ಆದರೆ ಫೀಡ್‌ಬ್ಯಾಕ್ ಏರಿಸಿಟ್ಟು, ಪ್ಲಗಿನ್‌ನ ಓವರ್‌ಸ್ಯಾಂಪ್ಲಿಂಗ್ ಆಯ್ಕೆಯನ್ನು ಬದಲಿಸುತ್ತಾ ಕೇಳಿ ನೋಡಿ. ಗರ್ಜನೆಯ ಬಣ್ಣ ಎದ್ದು ಕಾಣುವಷ್ಟು ಬದಲಾದರೆ ಆ ಕೇಬಲ್ಲಿನ ದಾರಿಯಲ್ಲಿ ತಡ ಕೂತಿರುವ ಸಂಭವ ಹೆಚ್ಚು.